ಹೊಳೆ ದಾಟಿಸುವವಳ ಕಲ್ಲು

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ:

"ವಾಂತಿಭೇದಿಯಾದವರಿಗೆ ನೀರು ಕುಡಿಸಬೇಡಿ ಎಂದು ಹೋದ ವರ್ಷ ಊರೂರು ತಿರುಗಿ ಹೇಳಿದೆ. ಆಮೇಲೆ ಕಾಯಿಲೆಯವರ ಪಕ್ಕದಲ್ಲೇ ಕೂತು ನೋಡಿದೆ. ನೀರು ಕುಡಿದವರೇ ಹೆಚ್ಚಾಗಿ ಉಳಿಯುತ್ತಿದ್ದಾರೆ. ಈಗ ಹೋಗಿ ಕುಡಿಸಿ ಎಂದರೆ ಜನ ನಗುತ್ತಾರೆ. ಮುಂದೆ ನನ್ನ ಯಾವ ಮಾತನ್ನೂ ನಂಬುವುದಿಲ್ಲ. ಸುಮ್ಮನಿದ್ದುಬಿಡಲೇ?"

ಗುರು ಒಂದು ಕತೆ ಹೇಳಿದರು.

ಒಂದು ಮರಳು ಹೊಳೆ. ಅದರ ದಡದಲ್ಲಿ ಒಬ್ಬ ಹೆಂಗಸು. ಬಿದಿರುಕೋಲನ್ನು ನೀರಿಗೆ ಊರಿ ಆಳ ನೋಡುವುದು, ಎಲ್ಲಿ ಇಳಿಯಬೇಕೆಂದು ಹೇಳುವುದು ಅವಳ ಕೆಲಸ. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ವರ್ಷ, ಮತ್ತಿಮರದ ನೇರಕ್ಕೆ ಇಳಿಯಿರಿ ಎಂದಳು. ಆ ವರ್ಷ ಒಂದು ಕರುವೂ ಮುಳುಗಲಿಲ್ಲ. ಊರವರು ಹಿಗ್ಗಿ ಅಲ್ಲೊಂದು ಕಲ್ಲು ನೆಟ್ಟರು. ಅವಳ ಹೆಸರು ಕೆತ್ತಿಸಿ ಅರಿಸಿನ ಕುಂಕುಮ ಹಚ್ಚಿದರು. ದಾಟುವವರು ಕಲ್ಲಿಗೆ ಕೈಮುಗಿದು ಇಳಿಯತೊಡಗಿದರು. ಅವಳನ್ನು ಕೇಳುವವರು ಕಡಿಮೆಯಾದರು. ಅವಳಿಗೆ ಅದರಿಂದ ಬೇಸರವಾಗಲಿಲ್ಲ. ಬೆಳಗ್ಗೆ ಆ ಹೆಸರನ್ನು ಒಮ್ಮೆ ನೋಡಿಯೇ ನೀರಿಗಿಳಿಯುತ್ತಿದ್ದಳು.

ಮಳೆಗಾಲ ಬಂತು, ಹೋಯಿತು. ನೆರೆ ಇಳಿದ ಮೇಲೆ ಕಲ್ಲಿನ ಮುಂದೆ ಕೋಲು ಊರಿದಳು. ಕೋಲು ಪೂರ್ತಿ ಮುಳುಗಿದರೂ ನೆಲ ಸಿಗಲಿಲ್ಲ. ಕೆಳಗಿನ ತಿರುವಿನಲ್ಲಿ ನೀರು ಮೊಣಕಾಲಿಗೆ ಬರುತ್ತಿತ್ತು. ಹೋಗಿ ಊರಗೌಡನಿಗೆ ಹೇಳಿದಳು.

ಗೌಡ ನಕ್ಕ. "ಹೋದ ವರ್ಷ ಹೇಳಿದ್ದು ಸುಳ್ಳೋ, ಈಗ ಹೇಳೋದು ಸುಳ್ಳೋ?"

"ಎರಡೂ ಅಲ್ಲ ಗೌಡರೇ. ಮರಳು ಜರುಗಿದೆ."

"ಮರಳು ಜರುಗಲಿ ತಾಯಿ, ಕಲ್ಲು ಜರುಗಿಲ್ಲವಲ್ಲ. ಊರೆಲ್ಲ ಸೇರಿ ಹೆಸರು ಕೊಟ್ಟಿದ್ದೇವೆ. ನೀನೇ ಅದಕ್ಕೆ ಮಸಿ ಬಳಿಯಬೇಡ."

ಮಾತು ನಾಟಿತು. ಆ ಹೆಸರು ಯಾರೋ ಕೊಟ್ಟದ್ದಲ್ಲ, ವರ್ಷಗಟ್ಟಲೆ ನೀರಲ್ಲಿ ನಿಂತು ಅವಳೇ ಗಳಿಸಿದ್ದು. ಬಾಯಿ ಮುಚ್ಚಿಕೊಂಡಿದ್ದರೆ ಅದು ಹಾಗೇ ಉಳಿಯುತ್ತಿತ್ತು.

ಮರುದಿನ ಮದುವೆಯ ಗಾಡಿಗಳು ಬಂದವು. ಒಳಗೆ ಹೆಂಗಸರು, ಮಕ್ಕಳು. ಕಲ್ಲಿಗೆ ಕಾಯಿ ಒಡೆಯಲು ನಿಂತರು.

"ಇಲ್ಲಿ ಆಳವಿದೆ, ಇಳಿಯಬೇಡಿ" ಎಂದಳು.

"ಒಳ್ಳೇ ಕೆಲಸಕ್ಕೆ ಹೊರಟಿದ್ದೇವೆ, ಅಪಶಕುನ ನುಡೀಬೇಡ. ಸರಿ ಅತ್ಲಾಗೆ" ಎಂದ ಮುಂದಿನ ಗಾಡಿಯವನು.

ಅವರ ಪೂಜೆ ಮುಗಿಯುವಷ್ಟರಲ್ಲಿ ಅವಳು ಮನೆಗೆ ಹೋಗಿ ಹಾರೆ ತಂದಳು. ಎಲ್ಲರ ಎದುರಿಗೇ ಕಲ್ಲನ್ನು ಮೀಟಿ ಹೊಳೆಗೆ ಉರುಳಿಸಿದಳು. ಕಲ್ಲು ಕಾಣದಂತೆ ಮುಳುಗಿತು. ಎಷ್ಟು ಆಳಕ್ಕೆ ಹೋಯಿತೆಂದು ಯಾರೂ ನೋಡಲಿಲ್ಲ. ಪೂಜೆಯ ಕಲ್ಲು ಕಿತ್ತಳೆಂದು ಶಾಪ ಹಾಕಿದರು. ಆದರೆ ಕಲ್ಲಿಲ್ಲದ ಕಡೆ ಇಳಿಯಲು ಯಾರಿಗೂ ಧೈರ್ಯ ಬರಲಿಲ್ಲ. ಬೈಯುತ್ತಲೇ ಅವಳ ಕೋಲಿನ ಹಿಂದೆ ಹೋಗಿ ತಿರುವಿನಲ್ಲಿ ದಾಟಿದರು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಮೇಲಾದರೂ ಅವಳ ಮಾತು ಸರಿಯೆಂದು ಒಪ್ಪಿಕೊಂಡರೇ?"

"ಇಲ್ಲ, ಇವತ್ತಿಗೂ ಬೈಯುತ್ತಾರೆ, ಬೈಯಲು ಬದುಕಿದ್ದಾರೆ."