ಕಾಶಿಯಲ್ಲಿ ಬಿಟ್ಟು ಬಂದದ್ದು

"ಗುರುಗಳೇ, ಮನೆ ಬಿಟ್ಟೆ, ಊರು ಬಿಟ್ಟೆ, ಒಳ್ಳೆಯ ಬಟ್ಟೆ ಬಿಟ್ಟೆ. ಊಟಕ್ಕೆ ಕುಳಿತಾಗ ಮಾತ್ರ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಸಾರು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತದೆ. ಈ ರುಚಿಯನ್ನು ಬಿಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಕೇಳಿದ್ದು ಊಟದ ಪಂಕ್ತಿಯಲ್ಲೇ. ಕೆಲವು ದಿನಗಳಿಂದ ಅವನು ಅನ್ನ, ಸಾರು, ಪಲ್ಯ ಎಲ್ಲವನ್ನೂ ಒಟ್ಟಿಗೆ ಕಲಸಿ, ಮೇಲೆ ನೀರು ಹೊಯ್ದುಕೊಂಡು ಉಣ್ಣುತ್ತಿದ್ದ. ಪಂಕ್ತಿಯವರೆಲ್ಲ ಇದನ್ನು ನೋಡಿದ್ದರು. ಅವರು ನೋಡಿದ್ದನ್ನು ಅವನೂ ನೋಡಿದ್ದ. ಗುರುಗಳು ಎಲೆಯಲ್ಲಿದ್ದ ಮಜ್ಜಿಗೆ ಅನ್ನವನ್ನು ನಿಧಾನವಾಗಿ ಮುಗಿಸಿದರು. ಉಪ್ಪಿನಕಾಯಿಯ ಹೋಳನ್ನು ಚೀಪಿ ಪಕ್ಕಕ್ಕಿಟ್ಟರು. ಕೈ ತೊಳೆದು ಬಂದು ಜಗಲಿಯ ಮೇಲೆ ಕುಳಿತರು.

"ಹಾಗೆ ಬಿಟ್ಟವನೊಬ್ಬನ ಕತೆ ಹೇಳುತ್ತೇನೆ, ಕೂತುಕೋ" ಎಂದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಬೇಳೆಕಾಳು ಮಾರುತ್ತಿದ್ದ. ತೂಕದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಕೈ ತೆಗೆಯುತ್ತಿರಲಿಲ್ಲ. ಮಾತನ್ನೂ ಹಾಗೆಯೇ ತೂಗಿ ಆಡುತ್ತಿದ್ದ. ಅಂಗಡಿಯಲ್ಲಿ ಆಡಿ ಉಳಿದದ್ದು ಮನೆಗೆ. ಉಳಿಯುತ್ತಿದ್ದುದು ಕಡಿಮೆ.

ಮನೆಯಲ್ಲಿ ಅವನ ಹೆಂಡತಿಯಿದ್ದಳು. ಮಕ್ಕಳಿರಲಿಲ್ಲ. ವರ್ತಕನಿಗೆ ಬದನೆಕಾಯಿ ಎಂದರೆ ಪ್ರಾಣ. ಬಚ್ಚಲ ನೀರು ಹರಿದುಹೋಗುವ ಕಡೆ ಅವಳು ಬದನೆಯ ಗಿಡ ಹಾಕಿದ್ದಳು. ಎಳೆಯ ಕಾಯಿಯನ್ನು ತೊಟ್ಟು ಬಿಡಿಸದೆ ಸೀಳಿ, ಹುರಿದು ಅರೆದ ಮಸಾಲೆ ತುಂಬಿ, ಎಣ್ಣೆಯಲ್ಲಿ ಬಾಡಿಸಿ ಎಣ್ಣೆಗಾಯಿ ಮಾಡುತ್ತಿದ್ದಳು. ಒಂದು ದಿನ ಅದು, ಒಂದು ದಿನ ಕೆಂಡದಲ್ಲಿ ಸುಟ್ಟು ಗೊಜ್ಜು, ಒಂದು ದಿನ ಹುಳಿ. ಮಧ್ಯಾಹ್ನ ವರ್ತಕ ಅಂಗಡಿಯಿಂದ ಬಂದು ಉಣ್ಣಲು ಕೂರುತ್ತಿದ್ದ. ಉಣ್ಣುತ್ತ ಉಣ್ಣುತ್ತ, ತಲೆಯೆತ್ತದೆ, "ಇನ್ನೊಂದು ಹಾಕು" ಎನ್ನುತ್ತಿದ್ದ.

ಇಡೀ ದಿನದಲ್ಲಿ ಅವನು ಅವಳೊಡನೆ ತಾನಾಗಿ ಆಡುತ್ತಿದ್ದ ಮಾತು ಅದೊಂದೇ. ಅವಳು ಅದಕ್ಕಾಗಿಯೇ ಕಾಯುತ್ತಿದ್ದಳು. ಬೆಳಗ್ಗೆ ಗಿಡಕ್ಕೆ ಕೈ ಹಾಕುವಾಗಲೂ ಅದೇ ಯೋಚನೆ, ಮಸಾಲೆ ಅರೆಯುವಾಗಲೂ ಅದೇ ಯೋಚನೆ. ಎಲೆಗೆ ಮೊದಲು ಬೇಕೆಂದೇ ಕಡಿಮೆ ಬಡಿಸುತ್ತಿದ್ದಳು. ಪೂರ್ತಿ ಬಡಿಸಿಬಿಟ್ಟರೆ ಅವನು ಕೇಳುವುದೇನು? ಅವನು ಕೇಳಿದರೆ ಅವಳ ಹೊಟ್ಟೆ ತುಂಬುತ್ತಿತ್ತು. ಇದು ವರ್ತಕನಿಗೆ ತಿಳಿದಿರಲಿಲ್ಲ. ಹೆಂಡತಿಯ ಕೈ ಸ್ವಲ್ಪ ಬಿಗಿ ಎಂದುಕೊಂಡಿದ್ದ.

ಅವನು ಉಂಡು ಅಂಗಡಿಗೆ ಹೋದ ಮೇಲೆ ಅವಳು ಉಣ್ಣುತ್ತಿದ್ದಳು. ಆ ಊರಿನ ಎಲ್ಲ ಮನೆಗಳಲ್ಲೂ ಅದೇ ಪದ್ಧತಿ. ಅವಳು ಬಡಿಸುವುದನ್ನು ಅವನು ನೋಡಿದ್ದ, ಉಣ್ಣುವುದನ್ನು ನೋಡಿರಲಿಲ್ಲ. ನೋಡಬೇಕು ಎಂದು ಅನಿಸಿರಲೂ ಇಲ್ಲ.

ತಲೆ ನರೆತ ಮೇಲೆ ವರ್ತಕ ಕಾಶಿಗೆ ಹೊರಟ. ಪಕ್ಕದ ಮನೆಯ ಬೆಲ್ಲದ ವ್ಯಾಪಾರಿ ಜೊತೆಯಾದ. ಮನೆ, ಹಸು, ಕರು ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಹೆಂಡತಿ ಉಳಿದಳು. ಬರುತ್ತೀಯಾ ಎಂದು ಅವನು ಕೇಳಲಿಲ್ಲ. ಬರುತ್ತೇನೆ ಎಂದು ಅವಳೂ ಹೇಳಲಿಲ್ಲ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಅಲ್ಲಿ ಬಿಟ್ಟು ಬರಬೇಕು, ಮತ್ತೆ ಸಾಯುವವರೆಗೆ ಅದನ್ನು ಮುಟ್ಟಬಾರದು. ಜನ ಇದನ್ನು ಹೇಗೆ ನಡೆಸುತ್ತಾರೆ ಎಂಬುದು ನಿನಗೂ ಗೊತ್ತು. ಬೆಲ್ಲದ ವ್ಯಾಪಾರಿ ಸೋರೆಕಾಯಿ ಬಿಟ್ಟ. ಅವನು ಹುಟ್ಟಿದಾಗಿನಿಂದ ಸೋರೆಕಾಯಿಯನ್ನು ಎಲೆಯ ತುದಿಗೆ ತಳ್ಳಿದವನೇ. ಹಲ್ಲಿಲ್ಲದ ಮುದುಕನೊಬ್ಬ ಕಬ್ಬು ಬಿಟ್ಟ. ವರ್ತಕನಿಗೆ ಇದೆಲ್ಲ ದೇವರಿಗೆ ಕಳ್ಳತೂಕ ಹಾಕಿದ ಹಾಗೆ ಕಂಡಿತು. 'ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ' ಎಂದು ನನ್ನನ್ನು ಯಾರೂ ಅನ್ನಬಾರದು ಎಂದುಕೊಂಡು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬದನೆಕಾಯಿಯನ್ನೇ ಬಿಟ್ಟ. ಬಿಡುವಾಗ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಿಟ್ಟೆ ಎಂಬುದಕ್ಕೆ ಅದೇ ಸಾಕ್ಷಿ ಎಂದು ಸಂತೋಷಪಟ್ಟ.

ಇತ್ತ ಹೆಂಡತಿ, ಗಂಡ ಬರುವ ಸುದ್ದಿ ತಿಳಿದಂದಿನಿಂದ ಗಿಡಕ್ಕೆ ಯಾರನ್ನೂ ಕೈ ಹಾಕಗೊಡಲಿಲ್ಲ. ಅವನು ಬಂದ ದಿನ ಎಳೆಯ ಕಾಯಿಗಳನ್ನು ಆರಿಸಿ ಎಣ್ಣೆಗಾಯಿ ಮಾಡಿದಳು. ಅವನು ಮಿಂದು ಬಂದು ಕುಳಿತ. ಅವಳು ಬಡಿಸಿದಳು. ಎಂದಿನಂತೆ ಕಡಿಮೆಯೇ ಬಡಿಸಿದಳು. ಅವನು ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ.

"ಇದು ಬೇಡ. ಕಾಶೀಲಿ ಬಿಟ್ಟು ಬಂದೆ" ಎಂದ.

ಅವಳು ಸೌಟು ಹಿಡಿದು ಹಾಗೆಯೇ ನಿಂತಳು. "ಬೇರೆ ಏನಾದ್ರೂ ಬಿಡಬಹುದಿತ್ತಲ್ಲ?" ಎಂದಳು.

"ಇಷ್ಟವಾದ್ದನ್ನೇ ಬಿಡಬೇಕು. ಇಲ್ಲದಿದ್ದರೆ ಬಿಟ್ಟ ಹಾಗೆ ಹೇಗಾಯ್ತು?"

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

ವರ್ತಕನಿಗೆ ಈ ಮಾತು ವಿಚಿತ್ರವಾಗಿ ಕಂಡಿತು. "ತಿನ್ನೋನು ನಾನು, ಬಿಡೋನು ನಾನು. ನಿನ್ನನ್ನೇನು ಕೇಳೋದು?" ಎಂದು ಅನ್ನಕ್ಕೆ ಸಾರು ಹಾಕಿಸಿಕೊಂಡ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಬೆಲ್ಲದ ವ್ಯಾಪಾರಿ ಊರೆಲ್ಲ ಸುದ್ದಿ ಹಬ್ಬಿಸಿದ. ನಾವೆಲ್ಲ ಬಿಟ್ಟದ್ದು ಬಾಯಿಮಾತಿಗೆ, ಬಿಟ್ಟರೆ ಅವನ ಹಾಗೆ ಬಿಡಬೇಕು ಎಂದ. ಜನ ಹೊಗಳಿದರು. ಹೊಗಳಿಕೆಯ ರುಚಿ ಬದನೆಕಾಯಿಯ ರುಚಿಗಿಂತ ಹೆಚ್ಚು, ಅದನ್ನು ಕಾಶಿಯಲ್ಲಿ ಬಿಟ್ಟು ಬಂದವರನ್ನು ನಾನು ಕಂಡಿಲ್ಲ.

ಹೆಂಡತಿ ಸುಮ್ಮನೆ ಕೂರಲಿಲ್ಲ. ಹೀರೆಕಾಯಿಗೆ ಅದೇ ಮಸಾಲೆ ತುಂಬಿ ನೋಡಿದಳು. ಬೆಂಡೆಕಾಯಿಗೆ ತುಂಬಿ ನೋಡಿದಳು. ಹಾಗಲಕಾಯಿಯನ್ನು ಬೆಲ್ಲ ಹುಣಸೆ ಹಾಕಿ ಗೊಜ್ಜು ಮಾಡಿದ ದಿನ ವರ್ತಕನಿಗೆ ಅದು ಬಹಳ ಹಿಡಿಸಿತು. ಕೇಳೋಣವೆಂದು ಬಾಯಿ ತೆರೆದವನು ತಟ್ಟನೆ ಮುಚ್ಚಿಕೊಂಡ. ಮುಂಬಾಗಿಲಿನಿಂದ ಹೊರಗಟ್ಟಿದ ಕಳ್ಳ ಹಿತ್ತಲ ಬಾಗಿಲಿನಿಂದ ಬಂದನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇನ್ನು ಮೇಲೆ ಬಡಿಸಿದಷ್ಟನ್ನು ಉಣ್ಣುವುದು, ಏನನ್ನೂ ಕೇಳುವುದಿಲ್ಲ ಎಂದು ನಿಶ್ಚಯಿಸಿದ.

ಅವಳು ಕಡಿಮೆ ಬಡಿಸಿದಳು. ಅವನು ಅಷ್ಟನ್ನೇ ಉಂಡು ಎದ್ದ. ಇನ್ನೂ ಕಡಿಮೆ ಬಡಿಸಿದಳು. ಅರೆಹೊಟ್ಟೆಯಲ್ಲಿ ಎದ್ದ, ಕೇಳಲಿಲ್ಲ. ದುಡಿದು ಬಂದ ಗಂಡನನ್ನು ಹಸಿವಿನಲ್ಲಿ ಎಬ್ಬಿಸಿದೆನಲ್ಲ ಎಂದು ಅವಳಿಗೆ ಹೆದರಿಕೆಯಾಯಿತು. ಅಂದಿನಿಂದ ಎಲೆ ತುಂಬ ಬಡಿಸತೊಡಗಿದಳು. ವರ್ತಕ ಅದನ್ನೂ ಮಾತಿಲ್ಲದೆ ಉಂಡ. ಕಾಶಿಯ ಪುಣ್ಯದಿಂದ ಹೆಂಡತಿಯ ಕೈ ಸಡಿಲವಾಯಿತು ಎಂದುಕೊಂಡ.

ಒಂದು ದಿನ ಅವಳು ಹುಳಿಗೆ ಉಪ್ಪು ಹಾಕುವುದನ್ನು ಮರೆತಳು. ಗಂಡ ಉಂಡು ಹೋದ ಮೇಲೆ ತಾನು ಉಣ್ಣಲು ಕುಳಿತಾಗ ಅದು ತಿಳಿಯಿತು. ಸಂಜೆ ಅವನು ಬಂದೊಡನೆ, "ಮಧ್ಯಾಹ್ನ ಹುಳೀಗೆ ಉಪ್ಪೇ ಹಾಕಿರಲಿಲ್ಲ" ಎಂದಳು.

"ಹೌದೇ? ನನಗೆ ಗೊತ್ತೇ ಆಗಲಿಲ್ಲ" ಎಂದು ಅವನು ನಕ್ಕ. ಅವನಿಗೆ ಅದು ಗೆಲುವಿನ ದಿನ. ನಾಲಿಗೆ ಕೊನೆಗೂ ಕೈಗೆ ಸಿಕ್ಕಿತು ಎಂದು ಮರುದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅವಳು ಒಳಗೆ ಹೋಗಿ ಒಲೆಯ ಮುಂದೆ ಕುಳಿತು ಅತ್ತಳು. ಉಪ್ಪಿಲ್ಲ ಎಂದು ಬೈದಿದ್ದರೂ ಅವಳು ಇಷ್ಟು ಅಳುತ್ತಿರಲಿಲ್ಲ.

ಆಮೇಲೆ ಅವಳು ಅಡುಗೆ ಮಾಡಿದಳು, ಆದರೆ ಇವತ್ತೇನು ಮಾಡಲಿ ಎಂದು ಯೋಚಿಸಲಿಲ್ಲ. ಬದನೆಯ ಗಿಡಗಳು ಒಣಗಿದವು. ಬಚ್ಚಲ ನೀರು ಆ ಕಡೆಗೇ ಹರಿಯುತ್ತಿತ್ತು. ಹುಳು ಹಿಡಿದದ್ದನ್ನು ಅವಳು ತೆಗೆಯಲಿಲ್ಲ.

ಬದನೆಕಾಯಿ ಬಿಟ್ಟದ್ದಕ್ಕೆ ಯಾರೂ ಸಾಯುವುದಿಲ್ಲ. ಅವಳಿಗೆ ಜ್ವರ ಬಂತು. ವೈದ್ಯ ಬಂದು ನಾಡಿ ನೋಡಿ, ಬಾಯಿಗೆ ಏನು ಸೇರುತ್ತದೋ ಅದನ್ನು ಕೊಡಿ, ಇನ್ನು ಪಥ್ಯವೇನೂ ಬೇಕಿಲ್ಲ ಎಂದ. ವರ್ತಕ ಮಂಚದ ಬಳಿ ಕುಳಿತು, "ಏನು ತಿಂತೀಯೆ?" ಎಂದು ಕೇಳಿದ.

"ಏನಾದ್ರೂ ಆಗುತ್ತೆ" ಎಂದಳು ಅವಳು.

ಸರಿ ಎಂದು ಅವನು ಗಂಜಿ ಮಾಡಿಸಿ ಕೊಟ್ಟ. ಅವಳು ಸ್ವಲ್ಪ ಕುಡಿದಳು. ಆ ವಾರದಲ್ಲೇ ಹೋದಳು.

ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಪಿಂಡ ಇಟ್ಟರು. ಸತ್ತವರಿಗೆ ಇಷ್ಟವಾದ ಅಡುಗೆಯನ್ನೂ ಜೊತೆಗೆ ಇಡುವುದು ರೂಢಿ. ಕಾಗೆ ಬಂದು ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿಯಾಯಿತು ಎಂದು ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ನೆರೆಯವರು ಪಾಯಸ, ವಡೆ, ಚಿತ್ರಾನ್ನ ಮಾಡಿ ಕಳಿಸಿದ್ದರು. ಎಲ್ಲರೂ ದೂರ ಸರಿದು ಕುಳಿತರು. ಕಾಗೆಗಳು ಮರದಲ್ಲಿ ಇದ್ದವು. ಒಂದೂ ಇಳಿಯಲಿಲ್ಲ.

ಬಿಸಿಲೇರಿತು. ಪುರೋಹಿತರು ವರ್ತಕನ ಕಡೆ ತಿರುಗಿ, "ಆಕೆಗೆ ಬಹಳ ಇಷ್ಟವಾದ ತಿಂಡಿ ಯಾವುದು? ನೆನಪು ಮಾಡಿಕೊಂಡು ಅದನ್ನ ತಂದಿಡಿ" ಎಂದರು.

ವರ್ತಕ ನೆನಪು ಮಾಡಿಕೊಳ್ಳಲು ಕುಳಿತ. ಅವನಿಗೆ ಅವಳ ಕೈ ನೆನಪಾಯಿತು, ಸೌಟು ನೆನಪಾಯಿತು, ಅವಳು ಬಡಿಸಿದ ಒಂದೊಂದು ಅಡುಗೆಯೂ ನೆನಪಾಯಿತು. ಅವಳು ತಿಂದದ್ದು ಒಂದೂ ನೆನಪಾಗಲಿಲ್ಲ. ಕೊನೆಗೆ ಬದನೆಕಾಯಿಯೇ ಇರಬೇಕು ಎನಿಸಿತು. ಅಷ್ಟು ಆಸೆಯಿಂದ ಮಾಡುತ್ತಿದ್ದವಳಿಗೆ ಅದು ಇಷ್ಟವಿಲ್ಲದೆ ಇರುತ್ತದೆಯೇ? ನಾನು ಬಿಟ್ಟದ್ದಕ್ಕೆ ಅವಳೂ ಬಿಡಬೇಕಾಯಿತಲ್ಲ ಎಂದುಕೊಂಡ. ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿದ. ಅಡುಗೆಮನೆಯಲ್ಲಿ ಬೆಲ್ಲದ ವ್ಯಾಪಾರಿಯ ಹೆಂಡತಿ ಒಲೆಯ ಮುಂದೆ ಇದ್ದಳು.

"ತಾಯಿ, ಬೇಗ ನಾಲ್ಕು ಬದನೆಕಾಯಿ ಎಣ್ಣೆಗಾಯಿ ಮಾಡಿಕೊಡಿ" ಎಂದ.

ಆಕೆ ಬೆರಗಾದಳು. "ಬದನೆಕಾಯಿ ಯಾಕಣ್ಣ? ಅವರಿಗೆ ಅದು ಆಗ್ತಿರಲಿಲ್ಲವಲ್ಲ. ಒಂದು ಚೂರು ಬಾಯಿಗೆ ಹಾಕಿದರೂ ಮೈಯೆಲ್ಲ ಕಡಿತ. ಮದುವೆಗೆ ಮುಂಚಿನಿಂದಲೂ ಮುಟ್ಟಿದವರಲ್ಲ."

"ಹಾಗಾದರೆ ಅವಳಿಗೆ ಏನು ಇಷ್ಟ?" ಎಂದು ಕೇಳಿದ.

"ಅದು ನನಗೇನು ಗೊತ್ತಣ್ಣ? ನಾನು ಗೋಡೆಯಾಚೆಯವಳು. ಜೊತೆಗೆ ಬಾಳಿದವರು ನೀವು" ಎಂದಳು ಆಕೆ. ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಅವನು ಡಬ್ಬಗಳನ್ನು ಇಳಿಸಿ ತೆರೆದು ನೋಡಿದ. ಹೆಣ್ಣುಮಕ್ಕಳು ತಮಗೆಂದು ಏನನ್ನಾದರೂ ಮೂಲೆಯಲ್ಲಿ ಇಟ್ಟುಕೊಂಡಿರುತ್ತಾರೆ ಎಂದು ಎಲ್ಲೋ ಕೇಳಿದ್ದ. ಹಪ್ಪಳ ಅವನಿಗೆ ಬೇಕಾದ ಖಾರದ್ದು. ಉಪ್ಪಿನಕಾಯಿ ಅವನು ಇಷ್ಟಪಡುವ ಮಿಡಿಯದು. ಚಟ್ನಿಪುಡಿಗೆ ಅವನಿಗಾಗದ ಬೆಳ್ಳುಳ್ಳಿ ಹಾಕಿರಲಿಲ್ಲ. ಎಲ್ಲದರಲ್ಲೂ ಅವನೇ ಇದ್ದ. ಅವಳು ಎಲ್ಲೂ ಇರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಅವಳು ಒಬ್ಬಳೇ ಇದ್ದಳು ಎಂಬುದು ಅವನಿಗೆ ಆಗ ತಿಳಿಯಿತು. ಡಬ್ಬಗಳ ನಡುವೆ ಕುಳಿತು ಗೊಳೋ ಎಂದು ಅತ್ತ.

ಬರಿಗೈಯಲ್ಲಿ ಹೊಳೆಗೆ ಹಿಂತಿರುಗಿದ. ಕಾಗೆ ಇನ್ನೂ ಮುಟ್ಟಿರಲಿಲ್ಲ. ಪುರೋಹಿತರಿಗೂ ಹಸಿವಾಗಿತ್ತು. "ಹಸುವಿಗೆ ಕೊಟ್ಟುಬಿಡಿ, ಅದಕ್ಕೂ ಶಾಸ್ತ್ರದಲ್ಲಿ ಅವಕಾಶವಿದೆ" ಎಂದರು. ಹಸು ಎಲ್ಲವನ್ನೂ ತಿಂದಿತು. ಶಾಸ್ತ್ರ ಮುಗಿಯಿತು, ಜನ ಮನೆಗೆ ಹೋದರು.

ವರ್ತಕ ಆಮೇಲೂ ಬಹಳ ಕಾಲ ಬದುಕಿದ. ಅವಳ ತಿಥಿ ಬಂದಾಗಲೆಲ್ಲ ಬೇರೆ ಬೇರೆ ಅಡುಗೆ ಮಾಡಿಸಿ ಇಟ್ಟ. ಒಂದು ವರ್ಷ ಹೋಳಿಗೆ, ಒಂದು ವರ್ಷ ಕಡುಬು, ಒಂದು ವರ್ಷ ಬರೀ ಮೊಸರನ್ನ. ಆಗ ಕಾಗೆಗಳು ತಪ್ಪದೆ ಬಂದವು. ಇಟ್ಟದ್ದನ್ನೆಲ್ಲ ಒಂದೇ ಸಮನೆ ತಿಂದು ಹಾರಿಹೋದವು. ಅದರಿಂದ ಅವನಿಗೆ ಏನೂ ತಿಳಿಯಲಿಲ್ಲ. ಊರಿನಲ್ಲಿ ಅವನ ಹೆಸರು ಮಾತ್ರ ಬೆಳೆಯಿತು. ನಾಲಿಗೆಯನ್ನು ಗೆದ್ದವನು ಎಂದು ದೂರದಿಂದ ಜನ ಬಂದು ಕಾಲಿಗೆ ಬಿದ್ದರು. ಗೆದ್ದದ್ದು ಹೇಗೆ ಎಂದು ಕೇಳಿದರೆ ಅವನು ತಲೆ ತಗ್ಗಿಸಿ ಕೂರುತ್ತಿದ್ದ. ಅದನ್ನು ಅವರು ವಿನಯ ಎಂದುಕೊಂಡರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕತೆ ಮುಗಿದಂತೆ ಶಿಷ್ಯನಿಗೆ ಕಾಣಲಿಲ್ಲ.

"ಕೊನೆಗೂ ಆಕೆಗೆ ಇಷ್ಟವಾದದ್ದು ಏನೆಂದು ಅವನಿಗೆ ತಿಳಿಯಲೇ ಇಲ್ಲವೇ, ಗುರುಗಳೇ? ಜೊತೆಯಲ್ಲೇ ಇದ್ದವನಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ?" ಎಂದು ಕೇಳಿದ.

"ನಿನ್ನ ತಾಯಿಗೆ ಯಾವ ಅಡುಗೆ ಇಷ್ಟ?" ಎಂದರು ಗುರುಗಳು.

ಶಿಷ್ಯ ನೆನಪು ಮಾಡಿಕೊಳ್ಳಲು ಕುಳಿತ.