ಲೋಟದಲ್ಲೇ ಉಳಿದ ರೆಸಿನ್

ಹೇಮಲತಾ ಬಣ್ಣ ಸುರಿದು ಮಾಡಿದ ಚಿತ್ರ ಚೆನ್ನಾಗಿ ಒಣಗಿತ್ತು. ಅದಕ್ಕೆ ಗಾಜಿನಂಥ ಹೊಳಪು ಕೊಡಲು ಕಾಗದದ ಲೋಟದಲ್ಲಿ ತಿಳಿ ಅಂಟುದ್ರವವಾದ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಸೇರಿಸಿ ಕಲಸಿದಳು. ಅರ್ಧ ಸುರಿಯುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಲೋಟವನ್ನು ಚಿತ್ರದ ಅಂಚಿಗೆ ಒರಗಿಸಿ ಒಳಗೆ ಓಡಿದಳು.

ಚಿತ್ರದ ಮೇಲೆ ಬಿದ್ದ ರೆಸಿನ್ ಸಂಭ್ರಮದಿಂದ ಕೂಗಿತು: "ಅಣ್ಣಾ, ಬೇಗ ಬಾ. ನಾನು ಹರಿದಲ್ಲೆಲ್ಲ ಬಣ್ಣಗಳು ಕಣ್ಣು ಬಿಡುತ್ತಿವೆ. ಆ ನೀಲಿ ಮೂಲೆಗೆ ನಾನೊಬ್ಬನೇ ಸಾಲುವುದಿಲ್ಲ. ಸ್ವಲ್ಪ ವಾಲಿದರೆ ಸಾಕು, ಇಳಿದುಬಿಡುತ್ತೀ."

ಲೋಟದೊಳಗಿನ ರೆಸಿನ್ ಅಲ್ಲಾಡಲಿಲ್ಲ. "ನೀನು ದೋಸೆಯ ಹಾಗೆ ತೆಳ್ಳಗಾಗಿದ್ದೀಯ. ನಾನು ಒಂದು ಹನಿಯನ್ನೂ ಕಳೆದುಕೊಂಡಿಲ್ಲ. ನನ್ನ ಹುರುಪು ನೋಡು, ಮೈ ಬಿಸಿಯೇರುತ್ತಿದೆ."

"ಅದು ಹುರುಪಲ್ಲ ಅಣ್ಣಾ, ಜ್ವರ. ನಾವು ಒಂದೇ ಕಡೆ ರಾಶಿಯಾಗಿ ಕೂತರೆ ಹಾಗೇ ಆಗುವುದು."

"ನಿನಗೆ ಹೊಟ್ಟೆಕಿಚ್ಚು. ಈಗ ನೋಡು, ನನ್ನ ತಲೆಯ ಮೇಲೆ ಧೂಪ ಏಳುತ್ತಿದೆ."

ಹೇಮಲತಾ ಉಕ್ಕಿದ ಹಾಲು ಒರೆಸಿ, ಕಾಫಿ ಬೆರೆಸಿಕೊಂಡು ಬಂದಳು. ಲೋಟದಲ್ಲಿದ್ದ ಕಲಸುವ ಕಡ್ಡಿ ಹಿಡಿದೆತ್ತಿದರೆ ಲೋಟವೂ ಜೊತೆಗೇ ಮೇಲೆ ಬಂತು; ಒಳಗಿನ ರೆಸಿನ್ ಕಲ್ಲಿನಂತೆ ಗಟ್ಟಿಯಾಗಿತ್ತು. ಬಿಸಿ ಆರಿದ ಮೇಲೆ ಅದನ್ನು ಕಸದ ಬುಟ್ಟಿಗೆ ಎಸೆದು, ಹೊಸ ರೆಸಿನ್ ಕಲಸಿ ನೀಲಿ ಮೂಲೆಗೆ ಸುರಿದಳು.

ಹೊಸ ರೆಸಿನ್ ಹರಿಯುತ್ತಲೇ ಕೇಳಿತು: "ಬುಟ್ಟಿಯಲ್ಲಿ ಅಷ್ಟು ಹೊಳೆಯುತ್ತಿರುವುದು ಯಾರು?"

"ನಮ್ಮಣ್ಣ. ಹೊಳಪನ್ನೆಲ್ಲ ತಾನೇ ಇಟ್ಟುಕೊಂಡ. ನೀನು ಓಡು ತಮ್ಮಾ, ಅಂಚು ಇನ್ನೂ ಬರಿದಾಗಿಯೇ ಇದೆ."