ಗುಳ್ಳೆಯಿಲ್ಲದ ಎರಕ

ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಮೆಟ್ಟಿಲ ಮೇಲೆ, ಪ್ರೊಫೆಸರ್ ಚಿದಾನಂದಯ್ಯ ಎಳೆಬಿಸಿಲಿಗೆ ಮೈಯೊಡ್ಡಿ ಕೂತಿದ್ದರು. ಅವರ ಶಿಷ್ಯೆ ನೀಲಾಂಬಿಕೆ ಓಡೋಡಿ ಬಂದಳು.

"ಸರ್, ನನ್ನ ಪಿಎಚ್.ಡಿ. ಹೋಯ್ತು."

"ಎಲ್ಲಿಗೆ?"

"ಕೊಯಮತ್ತೂರಿಗೆ!"

ಹೇಳಿದವಳೇ ಅತ್ತುಬಿಟ್ಟಳು.

ಕೈಗಾರಿಕಾ ತಂತ್ರಜ್ಞಾನದಲ್ಲಿ ಡಾಕ್ಟರೇಟ್ ಪಡೆಯಲೆಂದು ಅವಳು ವರ್ಷಗಟ್ಟಲೆ ಒಂದೇ ವಿಷಯಕ್ಕೆ ಅಂಟಿಕೊಂಡಿದ್ದಳು. ಅಚ್ಚಿನ ಮರಳಿಗೆ ಭತ್ತದ ಹೊಟ್ಟಿನ ಬೂದಿ ಬೆರೆಸಿದರೆ, ಅದರಲ್ಲಿ ಸುರಿದ ಕಬ್ಬಿಣದ ಎರಕದೊಳಗೆ ಗಾಳಿಗುಳ್ಳೆ ಉಳಿಯುವುದಿಲ್ಲ. ಇದು ಅವಳು ಕಂಡುಕೊಂಡದ್ದು. ಪ್ರಬಂಧ ಒಪ್ಪಿಸುವುದೊಂದೇ ಬಾಕಿ. ಅಷ್ಟರಲ್ಲಿ ಕೊಯಮತ್ತೂರಿನ ಡಾಕ್ಟರ್ ಮರಗದಂ ಎಂಬಾಕೆ ಅದೇ ಬೂದಿ, ಅದೇ ಮರಳಿನ ಬಗ್ಗೆ ಲೇಖನ ಪ್ರಕಟಿಸಿಬಿಟ್ಟಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

"ನಾವು ಅದನ್ನ ನೋಡೇ ಇಲ್ಲ ಅಂತ ಇದ್ದುಬಿಡೋಣ ಸರ್," ಎಂದಳು ಕಣ್ಣೊರೆಸಿಕೊಂಡು. "ನಮ್ಮ ಕಡೆ ಆ ಪತ್ರಿಕೆ ಯಾರೂ ಓದಲ್ಲ."

"ನೀನು ಓದಿದೆಯಲ್ಲ."

ಅವಳು ತಲೆ ತಗ್ಗಿಸಿದಳು.

"ಪೂರ್ತಿ ಓದಿದೆಯಾ?"

"ಬಾಯಿಪಾಠ ಆಗೋವಷ್ಟು."

"ಎಲ್ಲಾ ನಿನ್ನದರ ಹಾಗೇ ಇದೆಯಾ?"

"ಹೆಚ್ಚುಕಮ್ಮಿ ಎಲ್ಲಾ. ದಪ್ಪ ಎರಕದ ವಿಷಯ ಒಂದು ಬಿಟ್ಟು. ಎಷ್ಟೇ ದಪ್ಪ ಇದ್ದರೂ ಗುಳ್ಳೆ ಬರಲ್ಲ ಅಂತಾರೆ ಅವರು. ನನಗೆ ಬಂತು."

"ಹಾಗಾದರೆ ತಪ್ಪು ಮಾಡಿದ್ದು ನೀನು."

"ನಾನಲ್ಲ!"

ನೀಲಾಂಬಿಕೆಯ ದನಿ ಏರಿತು. ಕೆಳಗೆ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು.

"ಅವರು ಎರಕದ ಮೇಲ್ಮೈ ನೋಡಿ ಬರೆದಿದ್ದಾರೆ. ನಾನು ಒಂದೊಂದನ್ನೂ ಕೊಯ್ದು ನೋಡಿದ್ದೀನಿ. ಗುಳ್ಳೆ ಒಳಗೆ, ನಡುಮಧ್ಯೆ ಕೂತಿರುತ್ತೆ ಸರ್, ಹೊರಗೆ ಕಾಣೋದೇ ಇಲ್ಲ. ಅಂಥಾದ್ದನ್ನ ಲಾರಿಯ ಬಿಡಿಭಾಗ ಅಂತ ಜೋಡಿಸಿದರೆ ದಾರಿಯಲ್ಲೇ ಮುರಿಯುತ್ತೆ. ಅದು ಯಾಕೆ ಬರುತ್ತೆ ಅಂತಲೂ ನನಗೆ ಗೊತ್ತು. ಬೂದಿ ಎಷ್ಟು ಕಮ್ಮಿ ಮಾಡಬೇಕು ಅಂತಲೂ ಗೊತ್ತು."

ಗುರುಗಳಿಗೆ ಖುಷಿಯಾಯಿತು. ಖುಷಿಯನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ. ಮೆಟ್ಟಿಲು ತಟ್ಟಿ ನಕ್ಕರು. ಆಮೇಲೆ ಫೋನ್ ತೆಗೆದು ತಮ್ಮ ವಿಭಾಗದ ಗುಮಾಸ್ತರಿಗೆ ಕರೆ ಮಾಡಿದರು.

"ನೀಲಾಂಬಿಕೆಯ ಪರೀಕ್ಷಕರ ಪಟ್ಟಿ ಕಳಿಸಿಬಿಟ್ಟೆಯೇನಪ್ಪ? ಇಲ್ಲವಾ, ಒಳ್ಳೇದಾಯ್ತು. ನನ್ನ ಗೆಳೆಯನ ಹೆಸರು ತೆಗೆದುಬಿಡು. ಆ ಜಾಗಕ್ಕೆ ಡಾಕ್ಟರ್ ಮರಗದಂ ಅಂತ ಹಾಕು. ಹೂಂ, ಕೊಯಮತ್ತೂರು."

ನೀಲಾಂಬಿಕೆ ಫೋನಿಗೆ ಕೈ ಅಡ್ಡ ಹಿಡಿದಳು.

"ಸರ್, ನಿಮ್ಮ ಗೆಳೆಯರಾದರೆ ಕಣ್ಣು ಮುಚ್ಚಿಕೊಂಡು ಪಾಸ್ ಮಾಡೋರು!"

"ಅದಕ್ಕೇ ತೆಗೆಸಿದೆ."

"ಮೌಖಿಕ ಪರೀಕ್ಷೆಯಲ್ಲಿ ಮರಗದಂ ಅವರ ತಪ್ಪನ್ನ ಅವರ ಮುಖಕ್ಕೇ ಹೇಳಬೇಕಾ? ಸಿಟ್ಟು ಬಂದರೆ? ಇವಳಿಗೆ ಡಿಗ್ರಿ ಬೇಡ ಅಂದುಬಿಟ್ಟರೆ?"

"ಈಗ ನನ್ನ ಮೇಲೆ ಕೂಗಾಡಿದೆಯಲ್ಲ, ಅಷ್ಟನ್ನೇ ಅವರಿಗೂ ಹೇಳು. ದನಿ ಮಾತ್ರ ಒಂಚೂರು ಇಳಿಸು."

ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಕೊಯ್ದ ತುಂಡುಗಳನ್ನ ಅವರ ಮುಂದೆ ಮೇಜಿನ ಮೇಲೆ ಇಡಲಾ ಸರ್?"

"ಇಡಮ್ಮ. ನಾವೆಲ್ಲ ನೀನೇನು ಹೇಳಿದರೂ ತಲೆಯಾಡಿಸೋರು. ನಿನ್ನನ್ನ ತಪ್ಪು ಅನ್ನೋ ಶಕ್ತಿ ಇರೋದು ಅವರೊಬ್ಬರಿಗೇ. ಅವರು ಹೂಂ ಅಂದಾಗ ನೀನು ಡಾಕ್ಟರ್."